9 ಕಿಲೋ ಮಾಲ್ಟು, 16 ಲೀಟರ್ ಬಿಯರು

ಮನೆಯಲ್ಲೇ ಬಿಯರ್ ಮಾಡುವವರಿಗೆ ಆಲ್-ಇನ್-ಒನ್ ವಿದ್ಯುತ್ ಪಾತ್ರೆಯಿಂದ ದೊಡ್ಡ ಉಪಕಾರವಾಗಿದೆ. ಮೊದಲಾದರೆ ನೀರು ಕಾಯಿಸಲು ಒಂದು ಪಾತ್ರೆ, ಮಾಲ್ಟಿನ ನುಚ್ಚು ನೆನೆಸಲು ಇನ್ನೊಂದು, ಬಸಿದ ರಸ ಕುದಿಸಲು ಮತ್ತೊಂದು, ಇದರ ಜೊತೆಗೆ ಗ್ಯಾಸ್ ಒಲೆ ಬೇಕಿತ್ತು. ಅರ್ಧ ಹಿತ್ತಲು ಅದಕ್ಕೇ ಹೋಗುತ್ತಿತ್ತು. ಜರ್ಮನಿಯ ಬ್ರೌಮೈಸ್ಟರ್, ನ್ಯೂಜಿಲೆಂಡಿನ ಗ್ರೇನ್‌ಫಾದರ್, ಆಸ್ಟ್ರೇಲಿಯಾದ ಬ್ರೂಜಿಲ್ಲಾ ಬಂದ ಮೇಲೆ ಇದೆಲ್ಲ ಒಂದೇ ಸ್ಟೀಲ್ ಹಂಡೆಯೊಳಗೆ ಸೇರಿಕೊಂಡಿತು. ತಳದಲ್ಲಿ ಹೀಟರು, ಒಳಗೆ ಜರಡಿ ತಳದ ಬುಟ್ಟಿ, ರಸವನ್ನು ಮತ್ತೆ ಮತ್ತೆ ನುಚ್ಚಿನ ನಡುವೆ ಹಾಯಿಸಲು ಪಂಪು, ಶಾಖ ಹಿಡಿದಿಡಲು ಒಂದು ಕಂಟ್ರೋಲರು. ಶೇ. 5ರ ಆಸುಪಾಸಿನ ಪೇಲ್ ಏಲ್ ಮಾಡಲು ಹೊರಟರೆ ಈ ಹಂಡೆಯ ಮೇಲೆ ನನ್ನದೇನೂ ತಕರಾರಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನಿಂತು, ಹೊಗೆಯಿಲ್ಲದೆ, ಹೇಳಿದ ಶಾಖಕ್ಕೆ ಹೇಳಿದ ಹೊತ್ತು ನಿಲ್ಲುತ್ತದೆ.

ಬಾರ್ಲಿ ವೈನ್, ಇಂಪೀರಿಯಲ್ ಸ್ಟೌಟ್‌ನಂಥ ಭಾರೀ ಬಿಯರಿಗೆ ಕೈ ಹಾಕಿದಾಗ ಮಾತು ಬೇರೆ. ಹಂಡೆ ಕೆಟ್ಟದ್ದೆಂದಲ್ಲ, ಅದರ ಲೆಕ್ಕಾಚಾರವೇ ಸಾಧಾರಣ ಬಿಯರಿಗಾಗಿ ಹಾಕಿದ್ದು. ಈ ಮಾತನ್ನು ಕೊಳ್ಳುವವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ಭಾರೀ ಎಂದರೆ ಎಷ್ಟು? ನೀರಿನ ಗ್ರ್ಯಾವಿಟಿ, ಅಂದರೆ ಸಾಪೇಕ್ಷ ಸಾಂದ್ರತೆ, 1.000. ಪೇಲ್ ಏಲ್ ಆಗಲಿರುವ ರಸದ್ದು ಸುಮಾರು 1.050. ಬಾರ್ಲಿ ವೈನಿನದು 1.100 ಮುಟ್ಟಬಹುದು. ಯೀಸ್ಟು ಅದನ್ನು 1.025ಕ್ಕೆ ಇಳಿಸಿದರೆ ಮದ್ಯಸಾರ ಶೇ. 10ರ ಹತ್ತಿರ ಬರುತ್ತದೆ. ನಮ್ಮ ಕಡೆಯ ಸ್ಟ್ರಾಂಗ್ ಬಿಯರಿನ ಮಿತಿ ಶೇ. 8. ಅಲ್ಲದೆ ಅದರ ಖಾರವೆಲ್ಲ ಮದ್ಯಸಾರದ್ದೇ. ಬಾರ್ಲಿ ವೈನಿನಲ್ಲಿ ಮದ್ಯಸಾರದಷ್ಟೇ ಮುಖ್ಯವಾದದ್ದು ಮಾಲ್ಟಿನ ಮೈ: ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಬ್ರೆಡ್ಡಿನ ಅಂಚಿನ ರುಚಿ. ಅದು ಬರಬೇಕಾದರೆ ಮಾಲ್ಟೇ ಬೇಕು, ಅದೂ ರಾಶಿಗಟ್ಟಲೆ.

ಗ್ರೇನ್‌ಫಾದರಿನ 30 ಲೀಟರ್ ಮಾದರಿಯನ್ನು ತೆಗೆದುಕೊಳ್ಳೋಣ. ಬುಟ್ಟಿ ಹಿಡಿಯುವುದು ಹೆಚ್ಚೆಂದರೆ 9 ಕಿಲೋ. ನೀರಿನ ಸೂತ್ರ ಸರಳ: ಮಾಲ್ಟಿನ ಕಿಲೋವನ್ನು 2.7ರಿಂದ ಗುಣಿಸಿ 3.5 ಕೂಡಿಸಿದರೆ ನೆನೆಸುವ ನೀರು ಸಿಗುತ್ತದೆ. ಕುದಿಸುವ ಮೊದಲು ಹಂಡೆಯಲ್ಲಿ 28 ಲೀಟರ್ ರಸವಿರಬೇಕು, ಕಿಲೋ ಮಾಲ್ಟು 0.8 ಲೀಟರ್ ಹೀರಿಕೊಳ್ಳುತ್ತದೆ ಎಂದು ಹಿಡಿದು, ಕೊರತೆ ಬಿದ್ದಷ್ಟನ್ನು ಬುಟ್ಟಿ ಎತ್ತಿದ ಮೇಲೆ ನುಚ್ಚು ತೊಳೆಯಲು ಸುರಿಯಬೇಕು. 5 ಕಿಲೋ ಮಾಲ್ಟಿಗೆ ನೆನೆಸಲು 17 ಲೀಟರ್, ತೊಳೆಯಲು 15 ಲೀಟರ್. 9 ಕಿಲೋಗೆ ನೆನೆಸಲು 27.8 ಲೀಟರ್, ತೊಳೆಯಲು ಉಳಿಯುವುದು ಬರೀ 7.4. ಅಂದರೆ ಹಗುರ ಬಿಯರಿನಲ್ಲಿ ಒಂದೊಂದು ಕಿಲೋ ನುಚ್ಚಿಗೂ 3 ಲೀಟರ್ ತೊಳೆಯುವ ನೀರು ಸಿಕ್ಕರೆ, ಭಾರೀ ಬಿಯರಿನಲ್ಲಿ ಒಂದು ಲೀಟರೂ ಇಲ್ಲ. ಸಕ್ಕರೆ ನುಚ್ಚಿನಲ್ಲೇ ಕೂತುಬಿಡುತ್ತದೆ. ಇದಕ್ಕೆ ಪಂಪನ್ನೂ ಬೈಯಬೇಕಿಲ್ಲ, ಮಾಲ್ಟನ್ನೂ ಬೈಯಬೇಕಿಲ್ಲ.

ಇದರ ಫಲ ಲೀಟರಿನಲ್ಲಿ ಕಾಣುತ್ತದೆ. ಒಂದು ಕಿಲೋ ಒಳ್ಳೆಯ ಪೇಲ್ ಮಾಲ್ಟಿನಿಂದ ಪೂರ್ತಿ ಸಕ್ಕರೆ ಇಳಿದರೆ ಒಂದು ಲೀಟರಿಗೆ ಸುಮಾರು 300 ಗ್ರ್ಯಾವಿಟಿ ಪಾಯಿಂಟು (1.050 ಎಂದರೆ 50 ಪಾಯಿಂಟು). 5 ಕಿಲೋದಿಂದ ಶೇ. 75ರಷ್ಟು ಇಳಿದರೂ 23 ಲೀಟರ್ ಪೇಲ್ ಏಲ್ ಸಲೀಸಾಗಿ ಬರುತ್ತದೆ. ಅದೇ 23 ಲೀಟರನ್ನು 1.100ಕ್ಕೆ ತರಬೇಕಾದರೆ, ಶೇ. 75 ಇಳಿದರೂ 10 ಕಿಲೋ ಮಾಲ್ಟು ಸಾಲದು. ಬುಟ್ಟಿ ಅಲ್ಲೇ ಸೋತಿತು. ತೊಳೆಯುವ ನೀರಿಲ್ಲದೆ ಇಳುವರಿ ಶೇ. 60ಕ್ಕೆ ಬಂದರೆ, ತುಂಬಿದ ಬುಟ್ಟಿ ಕೊಡುವುದು 16 ಲೀಟರ್. ನನ್ನ ದೃಷ್ಟಿಯಲ್ಲಿ ಈ ಹಂಡೆ ಬಾರ್ಲಿ ವೈನಿಗೆ 16 ಲೀಟರಿನದೇ. 23 ಲೀಟರಿನದೆಂದು ನಂಬಿ ಶುರು ಮಾಡಿದವರಿಗೆ ನಡುಹಗಲಲ್ಲಿ ನಿರಾಸೆ ಕಾದಿರುತ್ತದೆ.

ಬುಟ್ಟಿಯ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ನುಚ್ಚು ಕಡಿಮೆ ಇದ್ದಾಗ ಪಂಪು ಸುರಿದ ರಸ ನುಚ್ಚಿನ ನಡುವೆ ಸಲೀಸಾಗಿ ಇಳಿಯುತ್ತದೆ. ಕಂಠಮಟ್ಟ ತುಂಬಿದಾಗ ತಳದ ಪದರ ಒತ್ತಿಕೊಂಡು ಗಟ್ಟಿಯಾಗುತ್ತದೆ. ಇಳಿಯಲಾರದ ರಸ ಮೇಲೆ ನಿಂತು, ನಡುವೆ ಇರುವ ಓವರ್‌ಫ್ಲೋ ಕೊಳವೆಯ ಬಾಯಿಯಿಂದ ಗೊಳಗೊಳ ಸದ್ದು ಮಾಡುತ್ತ ನೇರ ಕೆಳಗೆ ಹೋಗುತ್ತದೆ. ನೋಡುವವರಿಗೆ ಪಂಪು ಚೆನ್ನಾಗಿ ಓಡುತ್ತಿದೆ ಎನಿಸುತ್ತದೆ, ಆದರೆ ಅದೇ ರಸ ನುಚ್ಚನ್ನು ಮುಟ್ಟದೆ ಸುತ್ತು ಹೊಡೆಯುತ್ತಿರುತ್ತದೆ. ಶಾಖ ಅಳೆಯುವ ಸೆನ್ಸರ್ ಇರುವುದು ಹಂಡೆಯ ತಳದಲ್ಲಿ. ಪರದೆಯ ಮೇಲೆ 66 ಡಿಗ್ರಿ ಎಂದಿರುವಾಗ ಒಂದು ಉದ್ದ ಕಡ್ಡಿಯ ಥರ್ಮಾಮೀಟರನ್ನು ನುಚ್ಚಿನ ನಡುವಿಗೆ ಇಳಿಸಿ ನೋಡಿ, ಕೆಲವು ಡಿಗ್ರಿ ಕಡಿಮೆಯೇ ತೋರಿಸುತ್ತದೆ. ಮಾಲ್ಟಿನ ಪಿಷ್ಟ ಸಕ್ಕರೆಯಾಗುವುದು ಆ ನಡುವಿನ ಶಾಖದಲ್ಲಿ. ಪರದೆಯ ಅಂಕಿ ಅಲ್ಲಿಗೆ ತಲುಪುವುದಿಲ್ಲ.

ಇದಕ್ಕೆ ಮದ್ದುಂಟು. ಗಿರಣಿಯಲ್ಲಿ ನುಚ್ಚನ್ನು ಸ್ವಲ್ಪ ದಪ್ಪಗೆ ಒಡೆಸಬೇಕು. ಪಂಪಿನ ಕವಾಟ ಅರ್ಧ ಮುಚ್ಚಬೇಕು. ಕಾಲು ಗಂಟೆಗೊಮ್ಮೆ ತಳದವರೆಗೆ ಸೌಟು ಹಾಕಿ ಕೆದಕಬೇಕು. ಒಂದು ಗಂಟೆಯ ಬದಲು ಒಂದೂವರೆ ಗಂಟೆ ನೆನೆಸಬೇಕು. ಎರಡು ಹಿಡಿ ಭತ್ತದ ಹೊಟ್ಟು ಬೆರೆಸಿದರಂತೂ ರಸಕ್ಕೆ ದಾರಿ ಬಿಡುತ್ತದೆ. ನಮ್ಮ ಊರುಗಳಲ್ಲಿ ರಾಶಿ ಬಿದ್ದಿರುವ ಈ ಹೊಟ್ಟನ್ನು ಹೊರದೇಶದ ಬ್ರೂಯಿಂಗ್ ಅಂಗಡಿಗಳು ಚೀಲ ಕಟ್ಟಿ ಮಾರುತ್ತವೆ, ಅದು ಕೊಟ್ಟ ಬೆಲೆಗೆ ಮೋಸವಿಲ್ಲದ ಸರಕು.

ಇನ್ನು ಬುಟ್ಟಿ ಎತ್ತುವ ಹೊತ್ತು. 9 ಕಿಲೋ ಮಾಲ್ಟು, ಅದು ಹೀರಿದ 7 ಲೀಟರಿನಷ್ಟು ರಸ, ಇನ್ನೂ ಬಸಿಯದ ರಸ, ಬುಟ್ಟಿಯ ತೂಕ. ಇಷ್ಟನ್ನು ಎದೆಮಟ್ಟಕ್ಕೆ ಎತ್ತಿ, ಅಂಚಿನ ಮೇಲೆ ತಿರುಗಿಸಿ ಕೂರಿಸಬೇಕು, ಕೆಳಗೆ ಬಿಸಿ ರಸ. ಸೊಂಟ ನೋವಿದ್ದವರು, ಒಬ್ಬರೇ ಇರುವವರು ಇದಕ್ಕೆ ಹೋಗಲೇಬಾರದು. ಚಾವಣಿಗೊಂದು ರಾಟೆ ಕಟ್ಟಿಕೊಳ್ಳುವುದು ಅತಿಯಾದ ಜಾಗ್ರತೆ ಅಲ್ಲ.

ಗ್ರ್ಯಾವಿಟಿ ಏರಿಸಲು ಜನ ಹಿಡಿದಿರುವ ದಾರಿಗಳು ಮೂರು. ಒಂದು, ಹೊತ್ತುಗಟ್ಟಲೆ ಕುದಿಸಿ ನೀರು ಆವಿ ಮಾಡುವುದು. ಇಂಥ ಹಂಡೆಯಿಂದ ಗಂಟೆಗೆ ಎರಡು-ಮೂರು ಲೀಟರ್ ಆವಿ ಹೋಗುತ್ತದೆ. 28 ಲೀಟರಿನಿಂದ 16-17ಕ್ಕೆ ಇಳಿಯಲು ನಾಲ್ಕು ಗಂಟೆಗೂ ಮೀರಿ ಬೇಕು, 2,000 ವಾಟಿನ ಹೀಟರಿಗೆ 8 ಯೂನಿಟ್ ಕರೆಂಟು ಅಷ್ಟರಲ್ಲೇ ಮುಗಿಯುತ್ತದೆ. ಸ್ಕಾಟ್‌ಲೆಂಡಿನ ಕಂದು ಏಲ್‌ಗಳಿಗೆ ಆ ಕುದಿ ರುಚಿ ಕೂಡಿಸುತ್ತದೆ. ಹೊಂಬಣ್ಣದ ಟ್ರಿಪೆಲ್‌ಗೆ ಬಣ್ಣವೇ ಕೆಡುತ್ತದೆ. ರಸ ಗಟ್ಟಿಯಾದಂತೆ ಹೀಟರಿನ ಮೇಲೆ ಹಿಟ್ಟು ತಳ ಹಿಡಿದು ಸೀಯುವ ಭಯ ಬೇರೆ. ಒಮ್ಮೆ ಸೀದರೆ ಇಡೀ ಬಿಯರಿಗೆ ಬೂದಿಯ ವಾಸನೆ, ಅದಕ್ಕೆ ಪರಿಹಾರವೇ ಇಲ್ಲ.

ಎರಡನೆಯದು, ಮೊದಲ ಬುಟ್ಟಿಯ ರಸದಲ್ಲೇ ಎರಡನೆಯ ಬುಟ್ಟಿ ಮಾಲ್ಟನ್ನು ನೆನೆಸುವುದು. ಅಂಕಿ ಏರುತ್ತದೆ, ನಿಜ. ಆದರೆ ಎರಡನೆಯ ನುಚ್ಚು ಹೀರಿಕೊಂಡು ಕೂರುವುದು ನೀರುರಸವನ್ನಲ್ಲ, ಆಗಲೇ ಗಟ್ಟಿಯಾದ ರಸವನ್ನು. ದಿನವೂ ಹೋಗುತ್ತದೆ, ಮಾಲ್ಟೂ ಹೋಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದು ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಅಥವಾ ಸಕ್ಕರೆ. 20 ಲೀಟರ್ ರಸದಲ್ಲಿ ಒಂದು ಕಿಲೋ ಒಣ ಎಕ್ಸ್‌ಟ್ರ್ಯಾಕ್ಟ್ ಕರಗಿಸಿದರೆ ಸುಮಾರು 18 ಪಾಯಿಂಟ್ ಏರುತ್ತದೆ. ಹೀಟರ್ ಆರಿಸಿ, ಪೂರ್ತಿ ಕದಡಿ, ಆಮೇಲೆ ಹಚ್ಚಬೇಕು, ಅಷ್ಟೆ. ಇದನ್ನು ಕಳ್ಳದಾರಿ ಎಂದು ಹೀಯಾಳಿಸುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಬೆಲ್ಜಿಯಮ್ಮಿನ ವೆಸ್ಟ್‌ಮಾಲೆಯ ಸಂನ್ಯಾಸಿಗಳು ತಮ್ಮ ಟ್ರಿಪೆಲ್‌ಗೆ ಸಕ್ಕರೆ ಹಾಕುತ್ತಾರೆ, ಅಷ್ಟು ಬಲವಿದ್ದೂ ಆ ಬಿಯರು ಹಗುರವಾಗಿ ಕುಡಿಸಿಕೊಳ್ಳುವುದು ಅದರಿಂದಲೇ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಇಂಗ್ಲೆಂಡಿನ ಹಳೆಯ ಪದ್ಧತಿ. ಅಲ್ಲಿನ ಬ್ರೂವರಿಗಳು ಒಂದೇ ರಾಶಿ ಮಾಲ್ಟಿನ ಮೊದಲ ಗಟ್ಟಿ ರಸದಿಂದ ಭಾರೀ ಬಿಯರನ್ನೂ, ಆಮೇಲಿನ ತೆಳು ರಸದಿಂದ ಹಗುರ ಬಿಯರನ್ನೂ ತೆಗೆಯುತ್ತಿದ್ದವು. ಲಂಡನ್ನಿನ ಫುಲ್ಲರ್ಸ್ ರಸಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಒಂದೇ ಮಾಲ್ಟಿನಿಂದ ಲಂಡನ್ ಪ್ರೈಡ್, ಇಎಸ್‌ಬಿ, ಗೋಲ್ಡನ್ ಪ್ರೈಡ್ ಮೂರನ್ನೂ ಮಾಡಿದ್ದು ಇದೇ ತತ್ವದ ಮೇಲೆ. ನಮ್ಮ ಹಂಡೆಗೂ ಇದು ಚೆನ್ನಾಗಿ ಒಗ್ಗುತ್ತದೆ. 9 ಕಿಲೋ ನೆನೆಸಿದ ಮೇಲೆ ಬುಟ್ಟಿ ಎತ್ತಿ ಬಸಿಯಲು ಬಿಡಿ, ಮೇಲೆ ನೀರು ಸುರಿಯಬೇಡಿ. ಸೂತ್ರದ ಲೆಕ್ಕದಲ್ಲಿ ಹಂಡೆಯಲ್ಲಿ 20 ಲೀಟರಿನಷ್ಟು ಗಟ್ಟಿ ರಸ ಇರುತ್ತದೆ, ಎರಡು ಗಂಟೆ ಕುದಿಸಿದರೆ 16 ಲೀಟರಿಗೆ ಬರುತ್ತದೆ. ಬುಟ್ಟಿಯನ್ನು ಇನ್ನೊಂದು ಬಕೆಟ್ಟಿನ ಮೇಲಿಟ್ಟು 75 ಡಿಗ್ರಿಯ ನೀರನ್ನು ಸೌಟಿನಿಂದ ನಿಧಾನ ಸುರಿಯಿರಿ. ಇಳಿಯುವ ಹತ್ತು ಲೀಟರ್ ತೆಳು ರಸವನ್ನು ಒಲೆಯ ಮೇಲೆ ಬೇರೆ ಪಾತ್ರೆಯಲ್ಲಿ ಹಾಪ್ಸ್ ಹಾಕಿ ಕುದಿಸಿದರೆ ಶೇ. 3ರ ಆಸುಪಾಸಿನ ಒಳ್ಳೆಯ ಸಣ್ಣ ಬಿಯರು. ನುಚ್ಚಿನಲ್ಲಿ ಕೂತ ಸಕ್ಕರೆಗೆ ಇದಕ್ಕಿಂತ ಮರ್ಯಾದೆಯ ಉಪಯೋಗ ನನಗೆ ತೋಚುವುದಿಲ್ಲ.

ಇಷ್ಟಾದರೂ ‘ಆಲ್-ಇನ್-ಒನ್’ ಎಂಬ ಹೆಸರು ಅರ್ಧ ದಿನದ ಕೆಲಸಕ್ಕಷ್ಟೇ ಸಲ್ಲುತ್ತದೆ. ಭಾರೀ ಬಿಯರಿನ ಹಣೆಬರಹ ತೀರ್ಮಾನವಾಗುವುದು ರಸ ತಣಿದ ಮೇಲೆ. 16 ಲೀಟರಿಗೆ 11 ಗ್ರಾಮಿನ ಎರಡು ಪೊಟ್ಟಣ ಒಣ ಯೀಸ್ಟು ಹಾಕಲೇಬೇಕು. ಅಷ್ಟು ಗಟ್ಟಿ ರಸದಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಸಿಲಿಂಡರಿನಿಂದ ಶುದ್ಧ ಆಮ್ಲಜನಕ ಹಾಯಿಸಬೇಕು. ಮೊದಲ ಮೂರು ನಾಲ್ಕು ದಿನ ಯೀಸ್ಟಿನ ಸ್ವಂತ ಬಿಸಿಗೇ ರಸ ಕಾವೇರುತ್ತದೆ. ಅದನ್ನು 18 ಡಿಗ್ರಿಯ ಹತ್ತಿರ ತಡೆಯದಿದ್ದರೆ ಗಂಟಲು ಸುಡುವ ಘಾಟು ಮದ್ಯಸಾರ ಹುಟ್ಟುತ್ತದೆ, ವರ್ಷಗಟ್ಟಲೆ ಇಟ್ಟರೂ ಅದು ಪೂರ್ತಿ ಹೋಗುವುದಿಲ್ಲ. ಹಂಡೆಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಹಳೆಯ ಫ್ರಿಜ್ಜಿಗೂ ಅದರ ಶಾಖ ನಿಯಂತ್ರಕಕ್ಕೂ ಎತ್ತಿಡಿ ಎಂದು ನಾನು ಹೇಳುವುದು ಇದಕ್ಕೇ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಈ ಮಾತು ಹೆಚ್ಚಾಗಿ ಹೊರಗಿರುವ ಕನ್ನಡಿಗರಿಗೆ. ಬ್ರಿಟನ್ನಿನಲ್ಲಿ 1963ರಿಂದ ಮನೆ ಬಿಯರಿಗೆ ಲೈಸೆನ್ಸು ಬೇಕಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರ 1978ರಲ್ಲಿ ಕಾನೂನು ತಂದು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆಯಿಲ್ಲದೆ ಬಿಟ್ಟಿದೆ. ಅಮೆರಿಕದಲ್ಲಿರುವವರು ಒಂದನ್ನು ಗಮನಿಸಬೇಕು: ಅಲ್ಲಿನ ಮನೆಯ ಸಾಮಾನ್ಯ ಪ್ಲಗ್ಗು 120 ವೋಲ್ಟಿನದು, ಹೀಟರಿಗೆ ಸಿಗುವುದು 1,600 ವಾಟಿನ ಆಸುಪಾಸು. ಅದರಲ್ಲಿ 20 ಲೀಟರ್ ಗಟ್ಟಿ ರಸ ಕುದಿಗೆ ಬರುವಷ್ಟರಲ್ಲಿ ತಾಳ್ಮೆ ತೀರುತ್ತದೆ, ಕುದಿಯೂ ಜೋರಾಗಿರುವುದಿಲ್ಲ. 240 ವೋಲ್ಟಿನ ಲೈನು ಎಳೆಸಿಕೊಳ್ಳಲು ಆಗುವವರು ಅದನ್ನೇ ಮಾಡಿಸಲಿ. ಆಗದವರು ಹಂಡೆಯ ಹೊರಮೈಗೆ ಶಾಖ ತಡೆಯುವ ಹೊದಿಕೆ ಸುತ್ತಿ, 6 ಕಿಲೋ ಮಾಲ್ಟಿಗೂ 10 ಲೀಟರ್ ಬಿಯರಿಗೂ ತೃಪ್ತರಾಗಲಿ. ಬಾರ್ಲಿ ವೈನನ್ನು ಒಮ್ಮೆಗೆ ಒಂದು ಸಣ್ಣ ಬಾಟಲಿಗಿಂತ ಹೆಚ್ಚು ಯಾರೂ ಕುಡಿಯುವುದಿಲ್ಲ, 10 ಲೀಟರ್ ಅಂದರೆ ಮೂವತ್ತು ಬಾಟಲಿ.