ನಿಷೇಧದ ಕೂಗು ಯಾರಿಗೆ ಲಾಭ?



ಮಕ್ಕಳ ಕೈಗೆ ಎಟುಕಬಾರದೆಂದು ಅಟ್ಟದ ಮೇಲಿಟ್ಟ ಡಬ್ಬಿಯ ಮೇಲೆಯೇ ಅವರ ಕಣ್ಣು ನೆಟ್ಟಿರುತ್ತದೆ. ಇದು ಪ್ರತಿಯೊಬ್ಬ ತಾಯಿಯೂ ಬಲ್ಲ ಸಂಗತಿ. ಮನೆಯೊಳಗೆ ನಿಜವಾದ ಈ ಮಾತು ಒಂದು ರಾಷ್ಟ್ರದ ಸಂಸತ್ತಿನ ಮಟ್ಟದಲ್ಲಿಯೂ ನಿಜವೇ? ಜನರನ್ನು ಬೆಚ್ಚಿಬೀಳಿಸುವುದನ್ನೇ ಕಸುಬಾಗಿಸಿಕೊಂಡ ರಾಕ್ ಸಂಗೀತಗಾರರನ್ನು ರಾಜಕಾರಣಿಗಳು ನಿಷೇಧಿಸಲು ಹೊರಟಾಗ, ಆ ಪ್ರಯತ್ನವೇ ಅವರ ಕೀರ್ತಿಯನ್ನು ಬೆಳೆಸುತ್ತದೆಯೇ? ‘ಹೌದು’ ಎಂಬ ಸಿದ್ಧ ಉತ್ತರ ಬಹುಕಾಲದಿಂದ ಚಲಾವಣೆಯಲ್ಲಿದೆ. ಅದನ್ನು ಒಪ್ಪುವ ಮುನ್ನ ಒರೆಗೆ ಹಚ್ಚಿ ನೋಡುವುದು ಒಳಿತು. ಏಕೆಂದರೆ ಇಲ್ಲಿರುವುದು ಕೇವಲ ಒಬ್ಬ ಹಾಡುಗಾರನ ಕೀರ್ತಿಯ ಪ್ರಶ್ನೆಯಲ್ಲ. ನಮ್ಮ ಮಕ್ಕಳು ಕೇಳುವ ಸಂಗೀತವನ್ನು ನಾವು ಹೇಗೆ ಎದುರುಗೊಳ್ಳಬೇಕೆಂಬ ಪ್ರಶ್ನೆ.

ಇದಕ್ಕೆ ಬಹಳ ಸ್ಪಷ್ಟವಾದ ಒಂದು ನಿದರ್ಶನ 1970ರ ದಶಕದ ಆರಂಭದ ಇಂಗ್ಲೆಂಡಿನಲ್ಲಿ ಸಿಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಬೆಳೆದ ವಿನ್ಸೆಂಟ್ ಫರ್ನಿಯರ್ ಎಂಬ ಬೋಧಕರ ಮಗ ತನ್ನ ಶಾಲಾ ಗೆಳೆಯರೊಡನೆ ಒಂದು ವಾದ್ಯವೃಂದ ಕಟ್ಟಿದ. ವೃಂದಕ್ಕೆ ‘ಆಲಿಸ್ ಕೂಪರ್’ ಎಂದು ಹೆಸರಿಟ್ಟರು. ಮುಂದೆ ಅವನೇ ಆ ಹೆಸರನ್ನು ಧರಿಸಿದ. ಕಣ್ಣಿನ ಸುತ್ತ ಕಪ್ಪು ಬಣ್ಣ, ಕೊರಳಲ್ಲಿ ಜೀವಂತ ಹಾವು, ವೇದಿಕೆಯ ಮೇಲೆ ನೇಣುಗಂಬ, ನಂತರದ ವರ್ಷಗಳಲ್ಲಿ ತಲೆ ಕತ್ತರಿಸುವ ಗಿಲೊಟಿನ್ ಯಂತ್ರ. ಆಟಿಕೆಯ ಮಗುವೊಂದನ್ನು ಕೊಡಲಿಯಿಂದ ಕಡಿಯುವ ದೃಶ್ಯವೂ ಅದರಲ್ಲಿತ್ತು. ಶಾಲೆ ಮುಗಿದ ದಿನದ ಹುಚ್ಚು ಸಂತೋಷವನ್ನು ಹಾಡುವ ಅವರ ‘ಸ್ಕೂಲ್ಸ್ ಔಟ್’ ಗೀತೆ 1972ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಆಗ ಮೇರಿ ವೈಟ್‌ಹೌಸ್ ದನಿಯೆತ್ತಿದರು. ಶಾಲಾ ಶಿಕ್ಷಕಿಯಾಗಿದ್ದ ಅವರು 1965ರಲ್ಲಿ ದೂರದರ್ಶನ ಹಾಗೂ ಬಾನುಲಿ ಕಾರ್ಯಕ್ರಮಗಳ ನೈತಿಕತೆಯ ಪರವಾಗಿ ವೀಕ್ಷಕರ ಮತ್ತು ಶ್ರೋತೃಗಳ ಸಂಘವೊಂದನ್ನು ಸ್ಥಾಪಿಸಿದ್ದರು. ಈ ಗೀತೆಯನ್ನು ಪ್ರಸಾರ ಮಾಡಬಾರದೆಂದು ಬಿಬಿಸಿಗೆ ಒತ್ತಾಯಿಸಿದರು. 1973ರಲ್ಲಿ ಸಂಸತ್ ಸದಸ್ಯ ಲಿಯೊ ಆಬ್ಸ್, ಈ ವೃಂದಕ್ಕೆ ದೇಶದೊಳಗೆ ಪ್ರವೇಶ ಕೊಡಬಾರದೆಂದು ಗೃಹ ಸಚಿವರಿಗೆ ಮೊರೆಯಿಟ್ಟರು. ಆಬ್ಸ್ ಸಂಕುಚಿತ ಮನಸ್ಸಿನವರೆಂದು ತಿಳಿಯಬೇಡಿ. ಹಲವು ಸಾಮಾಜಿಕ ಕಾನೂನುಗಳ ಸುಧಾರಣೆಗೆ ಹೆಸರಾದ ಲೇಬರ್ ಪಕ್ಷದವರು. ಇಬ್ಬರ ಆತಂಕವೂ ಪ್ರಾಮಾಣಿಕವೇ ಆಗಿತ್ತು. ಆದರೆ ಕೂಪರ್ ಮಾಡಿದ್ದೇನು? ವೈಟ್‌ಹೌಸ್ ಅವರಿಗೆ ಹೂಗುಚ್ಛ ಕಳುಹಿಸಿದ, ಆಬ್ಸ್ ಅವರಿಗೆ ಚುಟ್ಟಾಗಳನ್ನು ಕಳುಹಿಸಿದ. ಅವರು ತನಗೆ ದೊರಕಿಸಿಕೊಟ್ಟ ಪ್ರಚಾರಕ್ಕೆ ಅದು ಕೃತಜ್ಞತೆ! ಹಣ ಕೊಟ್ಟರೂ ಸಿಗದ ಜಾಹೀರಾತು ಅವನಿಗೆ ಪುಕ್ಕಟೆಯಾಗಿ ದೊರೆತಿತ್ತು.

ಇದು ಆಕಸ್ಮಿಕವಾಗಿ ಒದಗಿದ ಅದೃಷ್ಟವಲ್ಲ ಎಂಬುದನ್ನು ಗಮನಿಸಬೇಕು. ಹೆತ್ತವರು ದ್ವೇಷಿಸುವುದನ್ನು ಮಕ್ಕಳು ಪ್ರೀತಿಸುತ್ತಾರೆ ಎಂಬುದೇ ಅವನ ವ್ಯವಸ್ಥಾಪಕ ಶೆಪ್ ಗಾರ್ಡನ್ ಅವರ ವ್ಯಾಪಾರ ಸೂತ್ರವಾಗಿತ್ತು. 1972ರಲ್ಲಿ ಲಂಡನ್ನಿನ ವೆಂಬ್ಲಿ ಸಭಾಂಗಣದ ಟಿಕೆಟ್‌ಗಳು ಮಾರಾಟವಾಗದೆ ಉಳಿದಿದ್ದಾಗ, ಮೈಮೇಲೆ ಹಾವಿನ ಹೊರತು ಏನೂ ಇಲ್ಲದ ಕೂಪರ್‌ನ ದೊಡ್ಡ ಚಿತ್ರವನ್ನು ಹೊತ್ತ ಲಾರಿಯೊಂದು ಪಿಕಡಿಲಿ ವೃತ್ತದ ನಟ್ಟನಡುವೆ ‘ಕೆಟ್ಟು’ ನಿಂತಿತು. ವಾಹನಗಳು ಸಾಲುಗಟ್ಟಿದವು, ಪತ್ರಿಕೆಗಳು ಬರೆದವು, ಟಿಕೆಟ್‌ಗಳು ಖಾಲಿಯಾದವು. ಲಾರಿ ಕೆಟ್ಟದ್ದು ತಾವೇ ಹೂಡಿದ ಆಟವೆಂದು ಗಾರ್ಡನ್ ನಂತರ ತಾವೇ ಹೇಳಿಕೊಂಡಿದ್ದಾರೆ. ಅದಕ್ಕೂ ಮುಂಚೆ, 1969ರಲ್ಲಿ ಟೊರಾಂಟೊ ನಗರದ ಕಾರ್ಯಕ್ರಮವೊಂದರಲ್ಲಿ ವೇದಿಕೆಗೆ ಬಂದ ಕೋಳಿಯನ್ನು ಕೂಪರ್ ಜನರತ್ತ ಎಸೆದಾಗ ಜನರೇ ಅದನ್ನು ಹರಿದುಹಾಕಿದರು. ಮರುದಿನ ಅವನೇ ಕೋಳಿಯ ತಲೆ ಕಚ್ಚಿದನೆಂಬ ಸುದ್ದಿ ಹಬ್ಬಿತು. ಅಲ್ಲಗಳೆಯಬೇಡವೆಂದು ಹಿರಿಯ ಸಂಗೀತಗಾರ ಫ್ರ್ಯಾಂಕ್ ಜಾಪಾ ಅವನಿಗೆ ಸಲಹೆ ಕೊಟ್ಟರು. ಹೀಗೆ ಸಿಟ್ಟಿಗೆ ಕಾದು ಕುಳಿತ ವ್ಯಾಪಾರಿಗೆ ಸಂಸತ್ ಸದಸ್ಯರೊಬ್ಬರು ಸಿಟ್ಟಾದದ್ದು ಹಬ್ಬವಲ್ಲದೆ ಮತ್ತೇನು?

ಆದರೂ ಆತುರ ಬೇಡ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದ ಮಾತ್ರಕ್ಕೆ ಕಾಗೆಯೇ ಕೊಂಬೆಯನ್ನು ಮುರಿಯಿತೆನ್ನಲಾಗದು. ‘ಸ್ಕೂಲ್ಸ್ ಔಟ್’ ದೂರದರ್ಶನದ ಜನಪ್ರಿಯ ಗೀತೆಗಳ ಕಾರ್ಯಕ್ರಮದಲ್ಲಿ ಬರುತ್ತಿತ್ತು ಎಂಬುದೇ ವೈಟ್‌ಹೌಸ್ ಅವರ ದೂರಾಗಿತ್ತು. ಅಂದರೆ ದೂರಿಗೆ ಮುಂಚೆಯೇ ಅದು ಜನಪ್ರಿಯವಾಗಿತ್ತು. 1984ರ ಜನವರಿಯಲ್ಲಿ ‘ಫ್ರ್ಯಾಂಕಿ ಗೋಸ್ ಟು ಹಾಲಿವುಡ್’ ವೃಂದದ ‘ರಿಲ್ಯಾಕ್ಸ್’ ಗೀತೆಯನ್ನು ಅಶ್ಲೀಲವೆಂದು ಬಿಬಿಸಿ ಕೈಬಿಟ್ಟಿತು. ಅದು ಶೀಘ್ರವೇ ಮೊದಲ ಸ್ಥಾನಕ್ಕೇರಿ ಐದು ವಾರ ಅಲ್ಲಿಯೇ ನಿಂತಿತು. ನಿಷೇಧದ ಫಲವೆಂದು ಎಲ್ಲರೂ ಇದನ್ನೇ ಉದಾಹರಿಸುತ್ತಾರೆ. ಆದರೆ ವಿವಾದ ಎದ್ದಾಗಲೇ ಅದು ಆರನೆಯ ಸ್ಥಾನದಲ್ಲಿದ್ದು ಮೇಲೇರುತ್ತಿತ್ತೆಂಬುದನ್ನು ಮರೆಯುತ್ತಾರೆ. ಇನ್ನೊಂದು ಮಾತು: ನಿಷೇಧಕ್ಕೊಳಗಾಗಿಯೂ ಯಾರೂ ಕೇಳದೆ ಮಣ್ಣುಪಾಲಾದ ಹಾಡುಗಳು ನಮ್ಮ ನೆನಪಿನಲ್ಲಿ ಉಳಿಯುವುದೇ ಇಲ್ಲ. ಗೆದ್ದವರನ್ನು ಮಾತ್ರ ಎಣಿಸಿ, ನಿಷೇಧವೇ ಗೆಲ್ಲಿಸಿತೆಂದು ತೀರ್ಮಾನಿಸುವುದು ಸರಿಯಾದ ಲೆಕ್ಕವಲ್ಲ. ಉರಿಯುವ ಬೆಂಕಿಗೆ ಗಾಳಿ ನೆರವಾಗಬಹುದು. ಬೂದಿಗೆ ಗಾಳಿ ಬೀಸಿದರೆ ಬೂದಿಯೇ ಹಾರುತ್ತದೆ.

ಇನ್ನು ನಿಷೇಧಕ್ಕೆ ನಿಜವಾದ ಹಲ್ಲುಗಳಿದ್ದಾಗ ಏನಾಗುತ್ತದೆ? 1976ರ ಡಿಸೆಂಬರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ವೃಂದ ಬ್ರಿಟನ್ನಿನಾದ್ಯಂತ ಪ್ರವಾಸ ಹೊರಟಾಗ ಸ್ಥಳೀಯ ಆಡಳಿತಗಳು ಒಂದರ ಹಿಂದೊಂದು ಅನುಮತಿ ನಿರಾಕರಿಸಿದವು. ಬಹುಪಾಲು ಕಾರ್ಯಕ್ರಮಗಳು ರದ್ದಾದವು. 1977ರಲ್ಲಿ ರಾಣಿಯ ಆಳ್ವಿಕೆಯ ರಜತೋತ್ಸವದ ವೇಳೆ ಅವರ ಹಾಡು ಪ್ರಸಾರವಿಲ್ಲದೆಯೂ ಎರಡನೆಯ ಸ್ಥಾನಕ್ಕೇರಿತು, ನಿಜ. ಆದರೆ ಹೆಸರು ಹಬ್ಬಿದ ಆ ವೃಂದಕ್ಕೆ ನಿಂತು ಹಾಡಲು ವೇದಿಕೆಯೇ ದುರ್ಲಭವಾಗಿತ್ತು. 1978ರ ಜನವರಿಯಲ್ಲಿ ಅದು ಒಡೆದುಹೋಯಿತು. ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾದಲ್ಲಿಯಂತೂ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ವೃಂದದ ಸದಸ್ಯರನ್ನು 1976ರಲ್ಲಿ ಬಂಧಿಸಿ ಸೆರೆಮನೆಗೆ ತಳ್ಳಲಾಯಿತು. ಅಲ್ಲಿ ನಿಷೇಧ ಯಾರನ್ನೂ ಸಿರಿವಂತರನ್ನಾಗಿ ಮಾಡಲಿಲ್ಲ. ಅವರ ಪರವಾಗಿ ನಿಂತ ವಾತ್ಸ್ಲಾವ್ ಹಾವೆಲ್ ಮೊದಲಾದವರು 1977ರ ಜನವರಿಯಲ್ಲಿ ಮಾನವ ಹಕ್ಕುಗಳ ‘ಚಾರ್ಟರ್ 77’ ಘೋಷಣೆಯನ್ನು ಹೊರತಂದರು, ಅದಕ್ಕಾಗಿ ತಾವೂ ಬೆಲೆ ತೆತ್ತರು.

ಆದ್ದರಿಂದ ಸಿದ್ಧ ಉತ್ತರವನ್ನು ಹೀಗೆ ತಿದ್ದಿಕೊಳ್ಳಬೇಕಾಗುತ್ತದೆ: ನಿಷೇಧವಲ್ಲ, ನಿಷೇಧದ ಬರಿಯ ಕೂಗು ಕೀರ್ತಿಯನ್ನು ಬೆಳೆಸುತ್ತದೆ. ಅದೂ ಹಾಡಿನಲ್ಲಿ ಒಂದಿಷ್ಟು ಸತ್ವವಿದ್ದು, ಸಿಟ್ಟನ್ನು ಹಣವಾಗಿಸಬಲ್ಲ ವ್ಯಾಪಾರಿ ಹಿಂದೆ ನಿಂತಿದ್ದು, ಅಂಗಡಿಯ ಬಾಗಿಲು ತೆರೆದೇ ಇದ್ದಾಗ. ಮಾರುವುದನ್ನು ತಡೆಯುವ ಶಕ್ತಿಯಿಲ್ಲದೆ ಮಾರಬಾರದೆಂದು ಕೂಗುವವನು ವ್ಯಾಪಾರಿಯ ಕೂಲಿಯಿಲ್ಲದ ಆಳಾಗುತ್ತಾನೆ. ತಡೆಯುವ ಶಕ್ತಿಯುಳ್ಳ ಸರ್ಕಾರವಾದರೋ ಹಾಡುಗಾರನೊಡನೆ ಪ್ರಜೆಯ ಸ್ವಾತಂತ್ರ್ಯವನ್ನೂ ಸೆರೆಗೆ ಹಾಕುತ್ತದೆ.

ಇದಕ್ಕಿಂತಲೂ ದೊಡ್ಡದಾದ ನಷ್ಟವೊಂದಿದೆ. ಈ ಗದ್ದಲದಲ್ಲಿ ಯಾರೂ ಕೃತಿಯನ್ನು ವಿಮರ್ಶಿಸುವುದಿಲ್ಲ. ಆಟಿಕೆಯ ಮಗುವನ್ನು ಕಡಿಯುವ ದೃಶ್ಯದ ಹಿಂದಿದ್ದ, 1971ರ ‘ಕಿಲ್ಲರ್’ ಧ್ವನಿಮುದ್ರಿಕೆಯ ‘ಡೆಡ್ ಬೇಬೀಸ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದರ ವಸ್ತು ಶಿಶುಹತ್ಯೆಯ ವೈಭವೀಕರಣವಲ್ಲ. ಹೆತ್ತವರ ಅಲಕ್ಷ್ಯದಿಂದ, ಕೈಗೆ ಸಿಕ್ಕ ಮಾತ್ರೆಗಳನ್ನು ನುಂಗಿ ಸಾಯುವ ಮಗುವಿನ ಕಥೆ. ಅಂದಿನ ಕಾರ್ಯಕ್ರಮದಲ್ಲಿ ಆ ದುಷ್ಟ ಪಾತ್ರ ಕೊನೆಗೆ ಮರಣದಂಡನೆಗೂ ಗುರಿಯಾಗುತ್ತಿತ್ತು. ಹಾಗೆಂದು ಅದನ್ನು ನೀತಿಪಾಠವೆಂದು ಹೊಗಳಲಾರೆ. ಪದಗಳಲ್ಲಿರುವ ಎಚ್ಚರಿಕೆಯನ್ನು ಕೊಡಲಿಯ ಅಬ್ಬರ ನುಂಗಿಹಾಕುತ್ತದೆ. ಹದಿಮೂರರ ಹುಡುಗನ ಮನಸ್ಸಿನಲ್ಲಿ ಉಳಿಯುವುದು ಕಥೆಯಲ್ಲ, ಕೊಡಲಿ. ಕಲೆಯಾಗಿ ಅದರ ಸೋಲು ಇರುವುದೇ ಇಲ್ಲಿ. ಈ ಮಾತನ್ನು ಯಾರಾದರೂ ಶಾಂತವಾಗಿ ಹೇಳಿದ್ದರೆ ಯುವಜನರು ಕಿವಿಗೊಡುತ್ತಿದ್ದರೇನೋ. ‘ಅವನನ್ನು ದೇಶದೊಳಗೆ ಬಿಡಬೇಡಿ’ ಎಂದು ಹೇಳಿದಾಗ ಆ ಚರ್ಚೆಯ ಬಾಗಿಲೇ ಮುಚ್ಚಿತು. ಹೆತ್ತವರಿಗೆ ಹೇಳಿದ್ದ ಎಚ್ಚರಿಕೆ ಹೆತ್ತವರಿಗೇ ತಲುಪಲಿಲ್ಲ.

ಈ ಕುರುಡುತನ ಕೆಲವೊಮ್ಮೆ ದುಬಾರಿಯಾಗುತ್ತದೆ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹಲವರನ್ನು ಕೊಂದಾಗ, ಬೊಟ್ಟು ಮಾಡಲು ಮರ್ಲಿನ್ ಮ್ಯಾನ್ಸನ್ ಎಂಬ ರಾಕ್ ಗಾಯಕ ಸಿದ್ಧವಾಗಿ ದೊರೆತ. ಕೊಂದವರು ಅವನ ಅಭಿಮಾನಿಗಳಲ್ಲವೆಂಬುದು ನಂತರ ತಿಳಿಯಿತು. ಹಾಡುಗಾರನ ವೇಷವನ್ನು ದೂರುವುದು ಸುಲಭ; ಆ ಹುಡುಗರ ಕೈಗೆ ಬಂದೂಕು ಹೇಗೆ ಬಂತು, ಅವರ ಮನದ ಕತ್ತಲನ್ನು ಸುತ್ತಲಿನವರು ಏಕೆ ಕಾಣಲಿಲ್ಲ ಎಂದು ಕೇಳುವುದು ಕಷ್ಟ.

ಹಾಗಾದರೆ ಕಾನೂನಿಗೆ ಸ್ಥಾನವೇ ಇಲ್ಲವೇ? ಖಂಡಿತವಾಗಿಯೂ ಇದೆ. ಅದೇ ವೈಟ್‌ಹೌಸ್ ಅವರು ಮಕ್ಕಳನ್ನು ಬಳಸಿ ಅಶ್ಲೀಲ ಚಿತ್ರ ತೆಗೆಯುವುದರ ವಿರುದ್ಧವೂ ಹೋರಾಡಿದರು. 1978ರಲ್ಲಿ ಬ್ರಿಟನ್ ಅದನ್ನು ಅಪರಾಧವೆಂದು ಸಾರುವ ಕಾನೂನು ತಂದಿತು. ಅದು ಯಾರ ಕೀರ್ತಿಯನ್ನೂ ಬೆಳೆಸಲಿಲ್ಲ. ಮಗುವಿನ ದೇಹಕ್ಕೆ, ಘನತೆಗೆ ನೇರವಾಗಿ ಹಾನಿಯಾಗುವಲ್ಲಿ ಕಾನೂನು ಕೈಚಾಚಲೇಬೇಕು. ಅಭಿರುಚಿಯನ್ನು ರೂಪಿಸುವ ಕೆಲಸ ಮಾತ್ರ ಅದರ ಕೈಗೆ ನಿಲುಕುವಂಥದ್ದಲ್ಲ.

ನಮ್ಮ ಧರ್ಮಸಭೆಯ ಅನುಭವವೂ ಇದನ್ನೇ ಹೇಳುತ್ತದೆ. 1559ರಲ್ಲಿ ಜಗದ್ಗುರು ನಾಲ್ಕನೆಯ ಪೌಲರ ಕಾಲದಲ್ಲಿ ಹೊರಬಂದ ನಿಷಿದ್ಧ ಗ್ರಂಥಗಳ ಪಟ್ಟಿ ನಾಲ್ಕು ಶತಮಾನ ಬಾಳಿತು. 1966ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಕ್ತಾಯದ ಮರುವರ್ಷವೇ, ಅದಕ್ಕಿದ್ದ ಕಾನೂನಿನ ಬಲವನ್ನು ತೆಗೆದುಹಾಕಲಾಯಿತು. ಎಲ್ಲ ಪುಸ್ತಕವೂ ಒಳ್ಳೆಯದೇ ಎಂದು ಅದರ ಅರ್ಥವಲ್ಲ. ಹಾನಿಕರವಾದುದರಿಂದ ದೂರವಿರುವ ಹೊಣೆ ಓದುಗನ ಪ್ರಬುದ್ಧ ಮನಃಸಾಕ್ಷಿಯದು ಎಂದರ್ಥ. ಪಟ್ಟಿಗಿಂತ ಮನಃಸಾಕ್ಷಿಯನ್ನು ಬೆಳೆಸುವುದು ಬಹು ನಿಧಾನದ ಕೆಲಸ. ಆದರೆ ಬೆಳೆದ ಮೇಲೆ ಅದು ಮಗುವಿನ ಜೊತೆಗೇ ಹೋಗುತ್ತದೆ, ನಾವು ಕಾಣದ ಕಡೆಗೂ.

ಆದ್ದರಿಂದ, ಪ್ರಿಯ ತಂದೆತಾಯಿಯರೇ, ನಿಮ್ಮ ಮಗನೋ ಮಗಳೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಮಗೆ ಹಿಡಿಸದ ಹಾಡನ್ನು ಕೇಳುತ್ತಿದ್ದರೆ, ಅದನ್ನು ಕಿತ್ತುಕೊಳ್ಳುವ ಮೊದಲು ಒಮ್ಮೆ ಜೊತೆಯಲ್ಲಿ ಕುಳಿತು ಕೇಳಿ. ‘ಇದರಲ್ಲಿ ನಿನಗೆ ಏನು ಇಷ್ಟವಾಯಿತು? ಹಾಡಿದವನು ಯಾರನ್ನು ಪ್ರೀತಿಸುತ್ತಾನೆ, ಯಾರನ್ನು ಹೀಯಾಳಿಸುತ್ತಾನೆ?’ ಎಂದು ಕೇಳಿ. ಉತ್ತರವನ್ನು ತಾಳ್ಮೆಯಿಂದ ಆಲಿಸಿ, ನಿಮಗೆ ತಪ್ಪೆನಿಸಿದ್ದನ್ನು ತಪ್ಪೆಂದು ಕಾರಣಸಹಿತ ಹೇಳಿ. ಮಗು ಅಂದೇ ಒಪ್ಪಲಿಕ್ಕಿಲ್ಲ. ಆದರೆ ತನ್ನ ಹಾಡನ್ನು ಕೊನೆಯವರೆಗೂ ಕೇಳಿದ ತಂದೆಯ ಮಾತಿಗೆ, ಕೇಳದೆಯೇ ಗದರಿದ ಮಂತ್ರಿಯ ಮಾತಿಗಿಂತ ಹೆಚ್ಚು ತೂಕವಿರುತ್ತದೆ.