ಮಳೆ ಕೊಡಗಿನಲ್ಲಿ, ನೆರೆ ಬ್ಲಫ್‌ನಲ್ಲಿ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ಗೆ ಹವಾಮಾನದ ಎಚ್ಚರಿಕೆ ಎರಡು ದಾರಿಯಲ್ಲಿ ಬರುತ್ತದೆ. ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರ ಜಿಲ್ಲಾವಾರು ಹೊರಡಿಸುವ ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಒಂದು. ಕನ್ನಂಬಾಡಿ ಮತ್ತು ಕಬಿನಿ ಅಣೆಕಟ್ಟೆಗಳಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗುವುದು ಎಂಬ ಪ್ರಕಟಣೆ ಇನ್ನೊಂದು. ಟಿ.ವಿ.ಯಲ್ಲಿ ಮೊದಲನೆಯದರ ಸದ್ದೇ ಹೆಚ್ಚು. ಆದರೆ ಈ ಊರಿನ ಮಟ್ಟಿಗೆ ಜೀವ ಉಳಿಸಬೇಕಾದದ್ದು ಎರಡನೆಯದು. ಅದನ್ನು ಬರೆಯುವ ರೀತಿ ಮಾತ್ರ ಇನ್ನೂ ಕಚೇರಿಯ ಟಿಪ್ಪಣಿಯಂತೆಯೇ ಉಳಿದಿದೆ.

ಬ್ಲಫ್ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಸುತ್ತ ಬೆಳೆದ ಊರು. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹೋದದ್ದು ಇಲ್ಲಿಂದ. ಕಾವೇರಿ ಇಲ್ಲಿ ಕವಲೊಡೆದು ಮಂಡ್ಯದ ಕಡೆ ಗಗನಚುಕ್ಕಿಯಾಗಿ, ಚಾಮರಾಜನಗರದ ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 700 ಮಿ.ಮೀ. ಆಸುಪಾಸು. ಮುಂಗಾರಿನ ಜುಲೈ ಇಲ್ಲಿ ಬಹುಪಾಲು ಮೋಡ ಕಟ್ಟಿ ತುಂತುರು ಉದುರಿಸಿ ಮುಗಿಯುವ ತಿಂಗಳು. ನದಿ ಉಕ್ಕುವುದೂ ಅದೇ ಹೊತ್ತಿಗೆ. ಕೊಡಗಿನಲ್ಲಿ ಬಿದ್ದ ಮಳೆ ಕನ್ನಂಬಾಡಿಗೆ, ವಯನಾಡಿನದು ಕಬಿನಿಗೆ ಸೇರುತ್ತದೆ. ಕಬಿನಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡಿದ ಮೇಲೆ ಎರಡೂ ಒಟ್ಟಾಗಿ ಶಿವನಸಮುದ್ರಕ್ಕೆ ಬರುತ್ತವೆ. ಕೊಡಗಿಗೆ ಕೆಂಪು ಅಲರ್ಟ್ ಇದ್ದ ದಿನ ಮಂಡ್ಯಕ್ಕೆ ಯಾವ ಬಣ್ಣವೂ ಇರದಿರಬಹುದು, ಅದು ತಪ್ಪು ಮುನ್ಸೂಚನೆಯೂ ಅಲ್ಲ. ಇಲ್ಲಿ ಮಳೆ ಬರುವುದಿಲ್ಲ, ನೀರು ಬರುತ್ತದೆ.

ಬಣ್ಣಗಳ ಹಿಂದಿನ ಲೆಕ್ಕ ಸ್ಪಷ್ಟವಾಗಿದೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಕರಾವಳಿಯಲ್ಲಿ 64.5 ಮಿ.ಮೀ. ಮಾಮೂಲಿ ಮಳೆ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಅದು ವರ್ಷದ ಮಳೆಯ ಹತ್ತರಲ್ಲೊಂದು ಪಾಲಿನಷ್ಟು. ಕೆರೆ ಏರಿಗಳು ದುರ್ಬಲವಾಗಿರುವ ಕಡೆ ಹಳದಿ ಬಣ್ಣವೇ ಸಾಕಷ್ಟು ಅಪಾಯ ಹೇಳುತ್ತದೆ. ದೇಶಕ್ಕೆಲ್ಲ ಒಂದೇ ಅಳತೆ ಇಟ್ಟಾಗ ಬಯಲುಸೀಮೆಯ ಹಳದಿ ಹಗುರವಾಗಿ ಕಾಣುವುದು ಈ ಪದ್ಧತಿಯ ನಿಜವಾದ ಕೊರತೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ವಿಷಯದಲ್ಲಿ ವ್ಯವಸ್ಥೆ ಹೆಚ್ಚು ಸಮರ್ಥವಾಗಿದೆ. ಮೂರು ಗಂಟೆಗಷ್ಟೇ ಅನ್ವಯಿಸುವ ತಕ್ಷಣದ ಮುನ್ಸೂಚನೆ, ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಜಾಲ, ಅದೇ ಕೇಂದ್ರದ ‘ಸಿಡಿಲು’ ಆ್ಯಪ್ ಇವೆಲ್ಲ ಹಳ್ಳಿಯ ಮಟ್ಟಕ್ಕೆ ಇಳಿದಿವೆ. ಬಾಳೆ ತೋಟ ನೆಲಕಚ್ಚುವುದನ್ನು, ತೆಂಗಿನ ಮರ ತಂತಿಯ ಮೇಲೆ ಬೀಳುವುದನ್ನು ಇವು ತಡೆಯಲಾರವು. ಕುರಿ ಮೇಯಿಸುವವನು ಒಂಟಿ ಮರದಡಿ ನಿಲ್ಲದಂತೆ ಮಾಡಲು ಮಾತ್ರ ಅರ್ಧ ಗಂಟೆ ಮೊದಲು ಸಿಕ್ಕ ಸುದ್ದಿಯೂ ಸಾಕು. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೇ ಕಿರುಚಿದ ಪ್ರಾಯೋಗಿಕ ಸಂದೇಶ, ಟವರ್ ವ್ಯಾಪ್ತಿಯಲ್ಲಿರುವ ಎಲ್ಲರನ್ನೂ ತಲುಪುವ ದಾರಿ ಇದೆಯೆಂದು ತೋರಿಸಿತು.

ನದಿಯ ಎಚ್ಚರಿಕೆಗೆ ಈ ಸೂಕ್ಷ್ಮತೆ ಬಂದಿಲ್ಲ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ. ನೀರು ಆ ಮಟ್ಟವನ್ನು ಸಮೀಪಿಸಿದಾಗ ಹೊರಡುವ ಪ್ರಕಟಣೆಯ ಒಕ್ಕಣೆ ವರ್ಷ ವರ್ಷವೂ ಹೆಚ್ಚು ಕಡಿಮೆ ಒಂದೇ: ಯಾವುದೇ ಕ್ಷಣದಲ್ಲಿ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗುವುದು, ತಗ್ಗು ಪ್ರದೇಶದ ಜನ ಜಾನುವಾರು ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಯಾವ ತಗ್ಗು, ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಎಂಬ ಮೂರು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಈ ಗುಣಾಕಾರ ಬಲ್ಲವನಿಗೂ ತನ್ನ ಗದ್ದೆಯ ಬದು ಮುಳುಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಹೊಳೆಯಾಚೆ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಳೇ ಹಂಪಾಪುರ, ಮುಳ್ಳೂರುಗಳು ನೆರೆಯಲ್ಲಿ ಮತ್ತೆ ಮತ್ತೆ ಸಿಲುಕುವ ಊರುಗಳು. ಯಾವ ಹರಿವಿಗೆ ಯಾವ ಬೀದಿಗೆ ನೀರು ಬರುತ್ತದೆಂದು ಅಲ್ಲಿನ ಹಿರಿಯರು ಅನುಭವದಿಂದ ಬಲ್ಲರು. ಆ ಅರಿವು ಪ್ರಕಟಣೆಯ ಕಾಗದಕ್ಕೆ ಏರಿಲ್ಲ. 2018ರ ಆಗಸ್ಟ್ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋದ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಕಲ್ಲುಕಂಬಗಳ ಮೇಲೆ ಹರಿವಿನ ಗೆರೆ ಬರೆಸಿದರೆ ಎಂಥ ಆ್ಯಪ್‌ಗಿಂತಲೂ ಬೇಗ ಅರ್ಥವಾದೀತು.

ಮದ್ದೂರಿನ ಪಕ್ಕ ಹರಿಯುವ ಶಿಂಷೆಯ ಕಥೆ ಬೇರೆ. ಅದರ ನೀರು ತುಮಕೂರು ಕಡೆಯಿಂದ ಬರುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸೈಫನ್‌ಗಳು ಮಟ್ಟ ಮುಟ್ಟಿದೊಡನೆ ತಾವಾಗಿಯೇ ನೀರು ಬಿಡುತ್ತವೆ. ಗೇಟು ಎತ್ತುವ ಆದೇಶವೇ ಇಲ್ಲದ ಕಡೆ, ಆದೇಶದ ಜೊತೆಗೆ ಹೊರಡುವ ಎಚ್ಚರಿಕೆಗೆ ಕಾದು ಕೂರುವಂತಿಲ್ಲ.

ಬ್ಲಫ್‌ನಲ್ಲಿ ನದಿಯ ಎಚ್ಚರಿಕೆಗೆ ಇನ್ನೊಂದು ತೊಡಕು ಸೇರುತ್ತದೆ. 2024ರ ಜುಲೈ ಕೊನೆಯಲ್ಲಿ ಕನ್ನಂಬಾಡಿಯ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು; ಸೆಪ್ಟೆಂಬರ್‌ನಲ್ಲಿ ಗಗನಚುಕ್ಕಿ ಜಲಪಾತೋತ್ಸವ ನಡೆಯಿತು. ಉತ್ಸವ ನಡೆದಾಗ ಮಹಾಪೂರ ಇರಲಿಲ್ಲ ನಿಜ. ಆದರೂ ಜಲಪಾತವನ್ನು ನೋಡಲು ಕರೆಯುವ ಆಡಳಿತವೇ ಹೊಳೆಗೆ ಇಳಿಯಬೇಡಿ ಎಂದೂ ಹೇಳಬೇಕಾಗುತ್ತದೆ. ತಮಟೆ ಹೊಡೆಸಿ, ಪಂಚಾಯಿತಿಯ ಕಸದ ಗಾಡಿಯಲ್ಲಿ ಮೈಕು ಕಟ್ಟಿ ಕೂಗಿಸಿದರೆ ಊರಿನವರಿಗೆ ಸುದ್ದಿ ಮುಟ್ಟುತ್ತದೆ; ಬೆಂಗಳೂರಿನಿಂದ ಕಾರಿನಲ್ಲಿ ಬಂದವರಿಗೆ ಮುಟ್ಟುವುದಿಲ್ಲ. ಹೊರಹರಿವು ಹೆಚ್ಚಿದ ಸುದ್ದಿ ಪತ್ರಿಕೆಯಲ್ಲಿ ಧುಮ್ಮಿಕ್ಕುವ ಗಗನಚುಕ್ಕಿಯ ಚಿತ್ರದೊಂದಿಗೆ ಅಚ್ಚಾಗುವುದರಿಂದ, ಅಪಾಯದ ಸೂಚನೆಯೇ ಆಹ್ವಾನಪತ್ರಿಕೆಯಾಗಿ ಓದಿಸಿಕೊಳ್ಳುತ್ತದೆ. ಟವರ್ ಆಧಾರದ ಮೊಬೈಲ್ ಸಂದೇಶ ಸರಿಯಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆಯೇ. ಗೇಟು ಎತ್ತಿದ ಗಳಿಗೆಗೂ ನೀರು ಇಲ್ಲಿ ತಲುಪುವ ಗಳಿಗೆಗೂ ನಡುವೆ ಕೆಲವು ಗಂಟೆಗಳ ಅವಕಾಶವಿರುತ್ತದೆ; ಜಿಲ್ಲೆಯ ಬಣ್ಣ ಯಾವುದಿದ್ದರೂ, ಆ ಅವಧಿಯಲ್ಲಿ ಹೊಳೆಯ ಎರಡೂ ದಡದ ಟವರ್‌ಗಳಿಂದ ಒಂದೇ ಸಂದೇಶ ಹೊರಡಬೇಕು.