ವಚನದಲ್ಲಿ ಕಲೆಯ ಲಕ್ಷಣ

ಉಲ್ಲಾಳಕ್ಕೆ ಸಮೀಪವಾದ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಅಲ್ಲಿ ನಾಟಕ ನೋಡಿ ಮರಳುವವರನ್ನು ಕಲೆಯೆಂದರೇನೆಂದು ಕೇಳಿದರೆ, ನೋಡಿದವರಿಗೆ ಆನಂದವನ್ನೀಯುವುದೇ ಕಲೆಯೆಂದು ಬಹುಮಂದಿ ಹೇಳಿಯಾರು. ರಷ್ಯಾದ ಟಾಲ್‌ಸ್ಟಾಯ್ ಇದನ್ನೊಪ್ಪದೆ, ತಾನುಂಡ ಭಾವವನ್ನು ಪರರಿಗೆ ಮುಟ್ಟಿಸುವುದೇ ಕಲೆಯೆಂದು 1898ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ಈ ಎರಡು ಲಕ್ಷಣಗಳಿಂದಲೂ ವಚನವನ್ನು ಅಳೆಯಲು ಹೊರಟರೆ ಏನೋ ಒಂದು ಹೊರಗೆ ಉಳಿಯುತ್ತದೆ.

ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ವಚನಶಾಸ್ತ್ರಸಾರ’ವೆಂದು ಹೆಸರಿಟ್ಟರು; ಸಾಹಿತ್ಯವೆನ್ನಲಿಲ್ಲ. ಮುಂದೆ ‘ವಚನ ಸಾಹಿತ್ಯ’ವೆಂಬ ಮಾತು ಬಳಕೆಯಲ್ಲಿ ಬೇರೂರಿತು. ಇದರಿಂದ ಶರಣರ ನುಡಿಗೆ ಕಾವ್ಯದ ಮನ್ನಣೆ ದೊರೆಯಿತೆಂಬುದು ನಿಜ. ಆದರೆ ಉಪಮೆಯೆಲ್ಲಿ, ರೂಪಕವೆಲ್ಲಿ ಎಂದು ಹುಡುಕಿ ಅಲ್ಲಿಗೇ ನಿಲ್ಲುವ ಅಭ್ಯಾಸವೂ ಬಂದಿತು. ಮೂವತ್ತು ವರ್ಷ ತರಗತಿಯಲ್ಲಿ ನಾನೂ ಹಾಗೆಯೇ ಬೋಧಿಸಿದವನು. ಅಂಕಗಳೂ ಅದಕ್ಕೇ ಬೀಳುತ್ತಿದ್ದವು.

ನುಡಿ ಹೇಗಿರಬೇಕೆಂಬುದನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವನ್ನೇ ನೋಡಬಹುದು. ಅದರಲ್ಲಿ ಮುತ್ತು, ಮಾಣಿಕ್ಯ, ಸ್ಫಟಿಕಗಳ ಮೂರು ಹೋಲಿಕೆಗಳಿವೆ. ಹಾರದಲ್ಲಿ ಪೋಣಿಕೆ, ಮಾಣಿಕ್ಯದಲ್ಲಿ ಕಾಂತಿ, ಸ್ಫಟಿಕದಲ್ಲಿ ನಿರ್ಮಲತೆ; ಆಲಂಕಾರಿಕನು ಇಷ್ಟಕ್ಕೇ ತೃಪ್ತನಾದಾನು. ನಾಲ್ಕನೆಯ ಮಾತಿನಲ್ಲಿ ಲಿಂಗವೇ ಮೆಚ್ಚಿ ಒಪ್ಪಬೇಕೆನ್ನುತ್ತಾರೆ. ಸಹೃದಯನ ಪೀಠದಲ್ಲಿ ಇಲ್ಲಿ ಲಿಂಗವು ಕುಳಿತಿದೆ. ಆಮೇಲೆ, ನುಡಿದಂತೆ ನಡೆಯದವನಿಗೆ ದೇವನ ಒಲವೆಲ್ಲಿಯದೆಂಬ ಪ್ರಶ್ನೆ ಬರುತ್ತದೆ. ಇದು ಕಡೆಯಲ್ಲಿ ಅಂಟಿಸಿದ ನೀತಿಯಲ್ಲ. ನಡೆ ಇಲ್ಲದಿದ್ದರೆ ಹಿಂದಿನ ಮುತ್ತುಮಾಣಿಕ್ಯಗಳೂ ಕಳಚಿ ಬೀಳುತ್ತವೆ. ಸಭೆಗಳಲ್ಲಿ ಮೊದಲ ಸಾಲನ್ನು ಮಾತ್ರ ಹೇಳಿ ಚಪ್ಪಾಳೆ ಪಡೆಯುವವರು ಇದನ್ನು ಯೋಚಿಸಿದಂತಿಲ್ಲ.

ಹಾಗೆಂದು ಶರಣರು ಕಲೆಯನ್ನು ಹಳಿದರೆನ್ನುವುದೂ ತಪ್ಪು. ತಾಳ, ಗಣಗಳ ಲೆಕ್ಕವನ್ನರಿಯೆನೆಂದು ಬಸವಣ್ಣನವರು ಹೇಳಿಕೊಂಡಿರುವುದುಂಟು. ಆದರೆ ಅವುಗಳ ಹೆಸರುಗಳನ್ನು ಎಣಿಸಿ ಹೇಳಬಲ್ಲವರು ಅವನ್ನು ತಿಳಿಯದವರಲ್ಲ; ಅವರು ತಳ್ಳಿದ್ದು ಲಕ್ಷಣದ ಯಜಮಾನಿಕೆಯನ್ನು. ರಾಗತಾಳ, ಪಲ್ಲವಿಗಳುಳ್ಳ ಸ್ವರವಚನಗಳ ಪರಂಪರೆ ನಮ್ಮಲ್ಲಿಯೇ ಇದೆ.

ಒಂದು ಆಕ್ಷೇಪ ಉಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕನ ವಚನವನ್ನು ಕೇಳಿ ಷಟ್‌ಸ್ಥಲದ ಗಂಧವಿಲ್ಲದವನೂ ಕಣ್ಣೀರಿಡುತ್ತಾನಲ್ಲ, ಅದು ಕಲೆಯಲ್ಲವೇ? ಕಲೆಯೇ ಹೌದು; ಟಾಲ್‌ಸ್ಟಾಯ್ ಮಾತಿಗೆ ಅಲ್ಲಿ ಬೆಲೆಯಿದೆ. ಆದರೆ ಎಲ್ಲ ವಚನಗಳಿಗೂ ಆ ಅಳತೆ ಸಾಲದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರಂತೆ. ಆಸೆಯನ್ನು ಕುರಿತ ಆಕೆಯ ವಚನದಲ್ಲಿ ಅಲಂಕಾರವೆಂದು ಬೆರಳಿಟ್ಟು ತೋರಿಸುವಂಥದು ಹೆಚ್ಚೇನಿಲ್ಲ. ಹಿಂದಿರುಗಿದ ಆ ಅಕ್ಕಿಯನ್ನು ಬಿಟ್ಟು ಓದಿದರೆ ಅದು ಬರಿಯ ಬುದ್ಧಿಮಾತಿನಂತೆ ಕೇಳಿಸುತ್ತದೆ. ನಮ್ಮ ಪಠ್ಯಗಳು ಆ ಪ್ರಸಂಗವನ್ನು ಅಡಿಟಿಪ್ಪಣಿಗೆ ತಳ್ಳದೆ ವಚನದೊಡನೆಯೇ ಅಚ್ಚುಮಾಡಬೇಕು.